ಹನೂರಿನಲ್ಲಿ ಇಳಿಯಬಾರದು

ಹಣವಂತರನ್ನು ಕೂರಿಸಿಕೊಂಡು, ಕಾಲ ಕಳೆಯುವುದಕ್ಕೆಂದೇ ಕಡಲು ಸುತ್ತುವ ಹಡಗುಗಳಿವೆಯಂತೆ. ಪತ್ರಿಕೆಯಲ್ಲಿ ಓದಿದೆ. ಅವು ಹತ್ತಿರದ ಬಂದರನ್ನು ಬಿಟ್ಟು ದೂರದ್ದಕ್ಕೆ ಹೋಗುತ್ತವೆ. ಆಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ ಹತ್ತಿರದ್ದಕ್ಕೆ ಬರುತ್ತವೆ. ಹೀಗೇಕೆ ಎಂದು ಪತ್ರಿಕೆಯ ಪಂಡಿತರು ಅರ್ಧ ಪುಟ ಒದ್ದಾಡಿದ್ದರು. ಈ ಬಂದರಿನಲ್ಲಿ ಆ ದಿನ ನಿಲ್ಲಲು ಜಾಗವಿಲ್ಲ, ಆ ಊರಿನಲ್ಲಿ ಅಂದು ಅಂಗಡಿ ತೆರೆಯುವುದಿಲ್ಲ, ಇತ್ಯಾದಿ. ನಮ್ಮವ್ವನನ್ನು ಕೇಳಿದ್ದರೆ ಅಷ್ಟು ಕಾಗದ ಉಳಿಯುತ್ತಿತ್ತು. ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಅವಳು, ‘ಯಾವ ಬಂದ್ರು ಅಣ್ಣ, ಯಾವ್ದು ತಮ್ಮ, ಅದ ಕೇಳ್ಲಾ ಮೊದ್ಲು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು.

ಕೊಳ್ಳೇಗಾಲದ ನಮ್ಮ ಮನೆಯಿಂದ ಲಗ್ನಪತ್ರಿಕೆ ಹಂಚಲು ಹೊರಡುವುದೆಂದರೆ ಅಂಥದೇ ಒಂದು ಸಮುದ್ರಯಾನ. ಮೊದಲು ಯಳಂದೂರಿನ ಸೋದರತ್ತೆ. ಅಲ್ಲಿಂದ ವಾಪಸು ಬಂದು, ನಮ್ಮ ಬೀದಿಯ ತುದಿಯಲ್ಲೇ ಹಾದು, ಎದುರು ದಿಕ್ಕಿಗೆ ಹನೂರು. ಆದರೆ ಹನೂರಿನಲ್ಲಿ ಇಳಿಯಬಾರದು. ಅಲ್ಲಿರುವವರು ಚಿಕ್ಕಮಾವ, ಅಂದರೆ ಅವ್ವನ ತಮ್ಮ. ಅವ್ವನ ಅಣ್ಣ ದೊಡ್ಡಮಾವ ಇನ್ನೂ ಮುಂದೆ, ಕಾಡಿನ ಅಂಚಿನ ಹೂಗ್ಯಂನಲ್ಲಿ. ಅವರಿಗೆ ಕೊಟ್ಟು, ಅದೇ ಧೂಳು ಕುಡಿಯುತ್ತ ಹಿಂದಿರುಗಿ, ಆಮೇಲೆ ಹನೂರು.

ಹೋಗುವಾಗ ಹನೂರಿನಲ್ಲಿ ಬಸ್ಸು ನಿಂತರೆ ಅವ್ವ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಕಾಲಡಿಯಲ್ಲಿ ಬೀಳದೇ ಇದ್ದ ಏನನ್ನೋ ಹುಡುಕತೊಡಗುವಳು. ಬಸ್ಸು ನಿಲ್ಲುವ ಜಾಗದ ಎದುರಿಗೇ ಚಿಕ್ಕಮಾವನ ಬೆಲ್ಲದಂಗಡಿ. ಅವರೂ ಬಲು ಸಭ್ಯರು. ಮದುವೆಯ ಸುದ್ದಿ ಕಿವಿಗೆ ಬಿದ್ದಾಗಿನಿಂದ, ಆ ಬಸ್ಸು ಬಂದೊಡನೆ ರಸ್ತೆಗೆ ಬೆನ್ನು ಮಾಡಿ ತಕ್ಕಡಿ ಒರೆಸುತ್ತ ನಿಲ್ಲುವರು. ಬಸ್ಸು ಹೊರಟ ಮೇಲೆ ಅಕ್ಕತಮ್ಮ ಇಬ್ಬರೂ ಉಸಿರು ಬಿಡುವರು.

ಇಂಥ ಮೌಢ್ಯವನ್ನು ಎಸ್ಸೆಸ್ಸೆಲ್ಸಿ ಪಾಸಾದವನು ಸಹಿಸುವುದುಂಟೇ? ಆಗಷ್ಟೇ ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿತ್ತು. ಇಡೀ ತಾಲ್ಲೂಕು ಕುಳಿತಲ್ಲಿಂದ ಕದಲದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಪ್ರಯಾಣ ಮಾಡಿದ್ದನ್ನು ಕಣ್ಣಾರೆ ಕಂಡವನು ನಾನು. ದಾರಿಯಲ್ಲೇ ಸಿಗುವ ಹನೂರನ್ನು ಕಂಡೂ ಕಾಣದಂತೆ ದಾಟಿಹೋಗುವುದೇ? ತಂಗಿಯ ಮದುವೆಯ ಹೊತ್ತಿಗೆ ಅವ್ವನ ಮಂಡಿ ಕೈಕೊಟ್ಟಿತ್ತು. ಹಂಚುವ ಭಾರ ನನ್ನ ಮೇಲೆ ಬಿತ್ತು. ನಕ್ಷೆ ಬಿಡಿಸಿ ಅಡಿಕೋಲಿನಿಂದ ಗೆರೆ ಎಳೆದೆ. ಗೆರೆ ಹೇಳಿದಂತೆ ಹನೂರಿನಲ್ಲಿ ಇಳಿದೆ.

ತಕ್ಕಡಿ ಒರೆಸುತ್ತಿದ್ದ ಚಿಕ್ಕಮಾವನ ಬೆನ್ನು ನನ್ನನ್ನು ಕಂಡು ಗಾಬರಿಯಾಯಿತು.

‘ಲೇ, ಊಗ್ಯಂಗೆ ಓಗ್ಬುಟ್ಟು ಬಂದ್ಯಾ?’

‘ಇಲ್ಲ ಮಾವ. ನಿಮಗೇ ಮೊದಲು.’

ಅವರು ಪತ್ರಿಕೆಯನ್ನು ತೆಗೆದುಕೊಳ್ಳಲಿಲ್ಲ. ಮೊದಲು ಕೈ ತೊಳೆದು ಬಂದರು. ಆದರೂ ಅರಿಸಿನ ಹಚ್ಚಿದ ಮೂಲೆಯ ಮೇಲೆ ಬೆಲ್ಲದ ಹೆಬ್ಬೆರಳು ಮೂಡಿತು. ಓದಿದರು, ಮತ್ತೆ ಓದಿದರು, ಅಂಗಡಿಗೆ ಹಲಗೆ ಹಾಕಿದರು. ‘ನಡೀಲಾ, ನಾನೂ ಬತ್ತೀನಿ ಅಣ್ಣನ ಮನೇಗೆ’ ಎಂದು ನನಗಿಂತ ಮುಂಚೆ ಬಸ್ಸು ಹತ್ತಿದರು. ನನ್ನ ನಕ್ಷೆಯಲ್ಲಿ ಇದಕ್ಕೆ ಗೆರೆ ಇರಲಿಲ್ಲ.

ಹೂಗ್ಯಂನಲ್ಲಿ ದೊಡ್ಡಮಾವ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನಾನು ಚೀಲಕ್ಕೆ ಕೈಹಾಕುವ ಮೊದಲೇ ಚಿಕ್ಕಮಾವ ಅಂಗಳದಿಂದಲೇ ಕೂಗಿದರು: ‘ಅಣ್ಣಾ, ಈ ಸರ್ತಿ ನಂಗೇ ಮೊದ್ಲು ಕೊಟ್ಟವ್ನೆ ಕಣಣ್ಣ!’

ದೊಡ್ಡಮಾವ ಹಗ್ಗದಿಂದ ತಲೆ ಎತ್ತಲಿಲ್ಲ. ‘ಬೋ ಸಂತೋಸ. ಅಂಗಾರೆ ಎಣ್ಣ ಅಸೆಗೆ ನೀನೇ ಕರ್ಕಂಡ್ ಬಾ. ನಾ ಬರಾಕಿಲ್ಲ.’

ಹೆಣ್ಣನ್ನು ಹಸೆಮಣೆಗೆ ಹಿರಿಯ ಸೋದರಮಾವನೇ ಕೈಹಿಡಿದು ಕರೆತರಬೇಕು. ಅವರು ಬದುಕಿದ್ದೂ ಬಾರದಿದ್ದರೆ ಗಂಡಿನ ಕಡೆಯವರು ಮುಹೂರ್ತ ಬಿಟ್ಟು ಕಾರಣ ಹುಡುಕತೊಡಗುತ್ತಾರೆ. ಹುಡುಕಿದರೆ ಸಿಗದ ಕಾರಣವುಂಟೇ? ತಂಗಿ ಸಿಂಗಾರವಾಗಿ ಕೋಣೆಯಲ್ಲೇ ಕುಳಿತಿರುವುದು ಕಣ್ಣಿಗೆ ಕಟ್ಟಿತು. ಹೆದರಿದ ನಾನು ವಿದ್ಯಾವಂತನಂತೆ ನಿಜ ಹೇಳಿಬಿಟ್ಟೆ.

‘ಹಾಗಲ್ಲ ದೊಡ್ಡಮಾವ! ಹನೂರು ದಾರೀಲೇ ಸಿಗುತ್ತಲ್ಲ, ಮೊದಲು ಸಿಕ್ಕ ಊರಲ್ಲಿ ಮೊದಲು ಕೊಡೋಣ ಅಂತ ಇಳಿದೆ, ಅಷ್ಟೆ.’

ಹೇಳಿದ ಮೇಲೆ ಚಿಕ್ಕಮಾವನ ಮುಖ ನೋಡಿದೆ. ಮೊದಲೇ ನೋಡಬೇಕಿತ್ತು. ಅವರು ಜೇಬಿನಿಂದ ಪತ್ರಿಕೆಯನ್ನು ತೆಗೆದು, ಮಡಿಕೆ ನೇವರಿಸಿ, ನನ್ನ ಕೈಗಿಟ್ಟರು. ‘ತಕ್ಕೊ. ನಂಗೆ ಕೊಟ್ಟೇ ಇಲ್ಲ ಅನ್ಕೊ.’ ಅಣ್ಣನ ಕಡೆ ತಿರುಗಿ ಅಂದರು: ‘ಐಕ್ಳು ಕಣಣ್ಣ. ನಂದೂ ತೆಪ್ಪು. ನೀ ಬರ್ಬೇಕು.’

‘ಅವ್ವನ ಕರ್ಕಂಡು ಸರ್ಯಾಗಿ ಬರೇಳು, ನೋಡಾನ’ ಎಂದಿತು ಹಗ್ಗ.

ಮಾರನೆಯ ದಿನ ಮಂಡಿಗೆ ಎಣ್ಣೆ ಹಚ್ಚಿಕೊಂಡು ಅವ್ವ ಹೊರಟಳು. ಹನೂರಿನಲ್ಲಿ ಅವಳು ಸೆರಗು ಎಳೆದುಕೊಂಡಳು. ನಾನೂ ಬಗ್ಗಿ ಕಾಲಡಿಯಲ್ಲಿ ಹುಡುಕಿದೆ. ಹೂಗ್ಯಂನಲ್ಲಿ ದೊಡ್ಡಮಾವ ಎದ್ದು ನಿಂತು ಎರಡೂ ಕೈಯಿಂದ ಪತ್ರಿಕೆ ತೆಗೆದುಕೊಂಡರು. ಸಂಜೆ ಹನೂರಿನಲ್ಲಿ, ಬೆಲ್ಲದ ಹೆಬ್ಬೆರಳು ಬಿದ್ದಿದ್ದ ಅದೇ ಪತ್ರಿಕೆಯನ್ನು ಚಿಕ್ಕಮಾವ ಬೆಳಕಿಗೆ ಹಿಡಿದು, ‘ಓಹೋ, ಮದ್ವೆಯಾ! ಗೊತ್ತೇ ಇರ್ನಿಲ್ವಲ್ಲಕ್ಕ!’ ಎಂದು ಎಷ್ಟು ಚೆನ್ನಾಗಿ ಬೆರಗಾದರೆಂದರೆ, ನಾನು ಬೆಲ್ಲದ ಗಾಡಿಗಳನ್ನು ನೋಡುತ್ತ ನಿಲ್ಲಬೇಕಾಯಿತು.

ಮದುವೆ ಸಾಂಗವಾಗಿ ನಡೆಯಿತು. ದೊಡ್ಡಮಾವ ಹೆಣ್ಣನ್ನು ಹಸೆಗೆ ತಂದರು. ಚಿಕ್ಕಮಾವ ಪಾಯಸ ಬಡಿಸಿದರು, ನನ್ನ ಎಲೆಗೆ ಎರಡು ಸಲ. ಕ್ಷಮೆ ಕೇಳುವ ಮಾತನ್ನು ನನಗೆ ಯಾವ ತರಗತಿಯಲ್ಲೂ ಕಲಿಸಿರಲಿಲ್ಲ.

ಆದ್ದರಿಂದ ಆಮೇಲೆ ಆ ಕಡೆ ಹೋದಾಗಲೆಲ್ಲ ಹನೂರಿನಲ್ಲಿ ಇಳಿಯತೊಡಗಿದೆ. ಒಮ್ಮೊಮ್ಮೆ ಆ ಕಡೆ ಕೆಲಸವೇ ಇಲ್ಲದಿದ್ದರೂ ಬಸ್ಸು ಹತ್ತಿದ್ದುಂಟು.

‘ಯಾಕ್ಲಾ ಬಂದೆ?’ ಎನ್ನುವರು ಚಿಕ್ಕಮಾವ.

‘ಸುಮ್ಮನೆ, ಮಾವ. ಇಲ್ಲಿಗೇ ಅಂತ ಬಂದೆ.’

‘ಬಸ್ಸಿನ ಕಾಸು ದಂಡ’ ಎಂದು ಗದರುತ್ತ, ಬೆಂಚಿನ ಮೇಲಿದ್ದ ಬೆಲ್ಲದ ಅಚ್ಚುಗಳನ್ನು ಒಂದೊಂದಾಗಿ ಸರಿಸಿ ನನಗೆ ಜಾಗ ಮಾಡುವರು.