ಇಲಿಗಳಿಗೆ ಉಪಚಾರ

ಇಲಿಯೊಂದು ನನ್ನನ್ನು ಮೆಚ್ಚಲಿ ಎಂದು ನಾನು ಹಂಬಲಿಸುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆಳಂದದಲ್ಲಿ ನಮ್ಮದು ತೊಗರಿಯ ಅಡತ ಅಂಗಡಿ, ರೈತರ ಮಾಲನ್ನು ಕೂಗಿ ಮಾರಿಕೊಟ್ಟು ದಲಾಲಿ ಪಡೆಯುವ ವ್ಯಾಪಾರ. ಇಲಿಗೂ ನಮ್ಮ ಮನೆತನಕ್ಕೂ ತಲೆಮಾರುಗಳ ವೈರ. ಅಜ್ಜ ಬೋನು ಇಟ್ಟ, ಅಪ್ಪ ಬೆಕ್ಕು ಸಾಕಿದ, ನಾನು ಎರಡನ್ನೂ ಮಾಡಿ ಸೋತೆ. ಹೀಗಿರುವಾಗ ಮಗಳು ಸುಮಾ, ಊರು ಬಿಟ್ಟು ಹೊರಟ ಕಲಬುರಗಿಯ ಗೆಳತಿಯಿಂದ ಎರಡು ಸಾಕಿದ ಇಲಿಗಳನ್ನು ಪಂಜರ ಸಮೇತ ತಂದು ಪಡಸಾಲೆಯಲ್ಲಿ ಇಟ್ಟಳು. ಬಿಳಿಯದು ಮಲ್ಲ, ಕಪ್ಪು ತಲೆಯದು ಕಲ್ಲ.

"ಅಂಗಡ್ಯಾಗ ಇಲಿ ಹೊಡ್ಯಾಕ ಬೋನ ಇಟ್ಟೀರಿ, ಮನ್ಯಾಗ ಇಲಿಗಿ ಹಾಸಗಿ ಹಾಸೀರಿ" ಎಂದು ಹೆಂಡತಿ ಶಾಂತಾ ನಕ್ಕಳು.

ನನ್ನ ವಿರೋಧ ಸಂಜೆಯತನಕವೂ ಬಾಳಲಿಲ್ಲ. ಮಲ್ಲ ಎರಡೂ ಕೈಯಿಂದ ಮುಖ ತೊಳೆದುಕೊಳ್ಳುವುದನ್ನು ನೋಡಿದೆ. ನಮ್ಮ ಗುಮಾಸ್ತ ಕೂಡ ಅಷ್ಟು ನಿಷ್ಠೆಯಿಂದ ಮುಖ ತೊಳೆಯುವುದಿಲ್ಲ. ಆಗಲೇ ಸೋತುಹೋದೆ, ಇನ್ನೊಮ್ಮೆ.

ಇನ್ನು ಉಪಚಾರ ಶುರುವಾಯಿತು. ನಮ್ಮ ಸೀಮೆಯಲ್ಲಿ 'ಸಾಕು' ಎಂಬ ಮಾತಿನಿಂದ ಊಟ ಮುಗಿಯುವುದಿಲ್ಲ, ಅಲ್ಲಿಂದಲೇ ಊಟ ಆರಂಭ. ಒಲ್ಲೆ ಎಂದವರ ತಾಟಿಗೆ ಇನ್ನೊಂದು ರೊಟ್ಟಿ ಬೀಳದಿದ್ದರೆ ಮನೆಯ ಮರ್ಯಾದೆ ಹೋಯಿತು. ನಾನೂ ರೊಟ್ಟಿಯ ಚೂರು, ಹುರಿದ ಶೇಂಗಾ ಹಿಡಿದು ಪಂಜರದೊಳಗೆ ಕೈ ಹಾಕುತ್ತಿದ್ದೆ. ಅವು ಮೂಲೆಯ ಕುಡಿಕೆಯೊಳಗೆ ನುಗ್ಗಿದರೆ ಅಲ್ಲಿಂದಲೂ ಹೊರಗೆ ತೆಗೆದು, "ಉಣ್ಣೋ ಕಲ್ಲಾ, ನಾಚಬ್ಯಾಡ, ನಿನ್ನ ಮನೀನ ಅದ" ಎನ್ನುತ್ತಿದ್ದೆ. ಇಲಿ ಬಂದ ಸುದ್ದಿ ಓಣಿಗೆಲ್ಲ ಹಬ್ಬಿ ಮಂದಿ ಬರತೊಡಗಿದರು. ಪಕ್ಕದ ಮನೆಯ ಮೆಹಬೂಬಿ ಚಾಚಿ ದಿನಾ ಬಂದು, "ಎಷ್ಟ ಛಂದ ಅದಾವ್ರಿ, ಒಮ್ಮಿ ಮಾರಿ ತೋರಸ್ರಿ" ಎಂದು ಕೇಳುವರು. ನಾನು ಹೆಮ್ಮೆಯಿಂದ ಎತ್ತಿ ಮುಖ ತೋರಿಸುವೆ.

ವಾರ ಕಳೆಯುವುದರೊಳಗೆ ಕಲ್ಲ ತಿನ್ನುವುದನ್ನೇ ಕಡಿಮೆ ಮಾಡಿದ. ಕುಡಿಕೆ ಬಿಟ್ಟು ಹೊರಗೆ ಬರಲೊಲ್ಲ.

"ಅಪ್ಪಾ, ಇವು ಇಲ್ಲಿ ಒಗ್ಗಂಗಿಲ್ಲ" ಎಂದಳು ಸುಮಾ. "ಜೇವರ್ಗಿ ಗೆಳತಿ ಕೇಳ್ಯಾಳ. ಐತವಾರ ಕೊಟ್ಟ ಬರ್ತೇನಿ." ಅವಳ ಕಣ್ಣು ತುಂಬಿತ್ತು. ನನಗೂ ನಿಜಕ್ಕೂ ಸಂಕಟವಾಯಿತು. ಅಂಗಡಿಯ ಇಲಿಗಳು ಹೋಗೆಂದರೂ ಹೋಗುವುದಿಲ್ಲ, ಇರಲಿ ಎಂದು ಬೇಡಿಕೊಂಡವು ಮಾತ್ರ ಹೊರಟು ನಿಂತಿದ್ದವು.

ಆಗ ಶಾಂತಾ ಬಾಯಿ ಬಿಟ್ಟಳು. "ಲಗ್ನ ಆಗಿ ನಾ ಅಫಜಲಪುರದಿಂದ ಬಂದಾಗ ನನಗೂ ಹಿಂಗ ಮಾಡಿದ್ರಿ. ಬಂದವರಿಗೆಲ್ಲ ಮಾರಿ ತೋರಿಸಿದ್ರಿ, ಒಲ್ಲೆ ಅಂದ್ರೂ ಹೋಳಗಿ ಹಾಕಿದ್ರಿ. ನಮ್ಮವ್ವ ಕೊಟ್ಟ ಕೌದಿ ಇತ್ತು, ಅದರ ವಾಸನಿ ಹಿಡಕೊಂಡು ಮಲಗತಿದ್ದೆ. ಪಾಪ, ಇವಕ್ಕ ಕೌದಿ ಯಾರ ಕೊಟ್ಟಾರ?"

ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಆ ಕೌದಿ ನನಗೆ ನೆನಪಿದೆ. ಅದನ್ನು ಒಗೆಯಲು ಅವಳು ಬಹಳ ಕಾಲ ಕೊಟ್ಟಿರಲಿಲ್ಲ. ಯಾಕೆಂದು ನಾನು ಕೇಳಿರಲೂ ಇಲ್ಲ.

ಅಂದಿನಿಂದ ಯಜಮಾನಿಕೆ ಅವಳದು. ನಾನು ತೊಟ್ಟು ಬಿಟ್ಟ ಬನಿಯನ್ ಒಗೆಯದೆ ಪಂಜರದೊಳಗೆ ಹಾಸಲಾಯಿತು, ನನ್ನ ವಾಸನೆ ಅವಕ್ಕೆ ರೂಢಿಯಾಗಲೆಂದು. ಅರ್ಧ ಪಂಜರಕ್ಕೆ ಪರದೆ ಬಿತ್ತು. ಚಾಚಿಗೆ "ಬಾಣಂತನ ನಡದದರಿ, ಈಗ ತೋರಸಂಗಿಲ್ಲ" ಎಂದಳು. ಮಲ್ಲ, ಕಲ್ಲ ಇಬ್ಬರೂ ಗಂಡೆಂದು ಚಾಚಿಗೆ ಗೊತ್ತಿತ್ತು, ಆದರೂ ದೊಡ್ಡ ಮನಸ್ಸು ಮಾಡಿ ಸುಮ್ಮನಾದರು. ನನಗೆ ಸಿಕ್ಕ ಕೆಲಸವೆಂದರೆ ಪಂಜರದ ಬಾಗಿಲು ತೆರೆದು, ಅಂಗೈಯಲ್ಲಿ ಶೇಂಗಾ ಇಟ್ಟುಕೊಂಡು, ಉಣ್ಣೆಂದು ಹೇಳದೆ ಕೂಡುವುದು. ಕೂಗಿಯೇ ಹೊಟ್ಟೆ ಹೊರೆಯುವ ಅಡತ್ಯನಿಗೆ ಇದು ಘೋರ ತಪಸ್ಸು. ದನಿ ಪರಿಚಯವಾಗಲೆಂದು ಪತ್ರಿಕೆಯಲ್ಲಿನ ತೊಗರಿ ಧಾರಣೆಯನ್ನು ಮೆಲ್ಲಗೆ ಓದುತ್ತಿದ್ದೆ.

ಹಾಗೆ ಕೂತಾಗ ಗಣಪತಿಯ ನೆನಪಾಗುತ್ತಿತ್ತು. ಇಲಿ ಅವನ ವಾಹನವಾಯಿತೆಂದು ಎಲ್ಲರೂ ಹೇಳುತ್ತಾರೆ. ಅಷ್ಟು ದೊಡ್ಡ ದೇಹವನ್ನು ನಂಬಲು ಅದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಯಾರೂ ಹೇಳುವುದಿಲ್ಲ. ಬಹುಶಃ ಅವನೂ ಕೈಯಲ್ಲಿ ಮೋದಕ ಹಿಡಿದು ಸುಮ್ಮನೆ ಕೂತಿರಬೇಕು. ಮೂರ್ತಿಯಲ್ಲಿ ಈಗಲೂ ಹಾಗೆಯೇ ಕೂತಿದ್ದಾನೆ.

ಕೊಟ್ಟುಬರುವ ಹಿಂದಿನ ದಿನ, ಶನಿವಾರ ಸಂಜೆ, ಕಲ್ಲ ಬನಿಯನ್ನಿನ ತೂತಿನಿಂದ ಮುಖ ಹೊರಗೆ ಹಾಕಿದ. ತೂತು ಅವನೇ ಮಾಡಿದ್ದು. ಮೂಸಿದ, ಹಿಂದೆ ಸರಿದ, ಮತ್ತೆ ಬಂದ. ಪುಟ್ಟ ಮುಂಗಾಲುಗಳನ್ನು ನನ್ನ ಬೆರಳ ಮೇಲಿಟ್ಟು ಶೇಂಗಾ ಎತ್ತಿಕೊಂಡ. ಓಡಿಹೋಗುತ್ತಾನೆ ಎಂದುಕೊಂಡೆ. ಅವನು ಅಂಗೈಯಲ್ಲೇ ಕೂತು ತಿಂದ. ನಾನು ಉಸಿರು ಬಿಡಲೂ ಹೆದರಿದೆ. ಹಿಂದಿನಿಂದ ಸುಮಾ ಫೋನಿನಲ್ಲಿ ಜೇವರ್ಗಿಯ ಗೆಳತಿಗೆ ಪಿಸುಗುಟ್ಟುತ್ತಿದ್ದಳು: "ಇಲ್ಲವ್ವಾ, ಕೊಡಂಗಿಲ್ಲ. ನಮ್ಮಪ್ಪಗ ಒಗ್ಗ್ಯಾವ."

ಆ ಹುರುಪಿನಲ್ಲಿ ಅಡುಗೆಮನೆಗೆ ಹೋಗಿ, ಲಗ್ನವಾಗಿ ಇಷ್ಟು ವರ್ಷ ಕೇಳಬೇಕೆಂದು ಹೊಳೆಯದೇ ಇದ್ದುದನ್ನು ಕೇಳಿದೆ: "ಅಲ್ಲಬೇ ಶಾಂತಾ, ನೀ ಈ ಮನಿಗಿ ಯಾವಾಗ ಒಗ್ಗಿದಿ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಅವಸರ ಮಾಡಬ್ಯಾಡ್ರಿ. ಇನ್ನೂ ಒಗ್ಗಾಕತ್ತೇನಿ."