ಸಂತೆಯಿಂದ ಸಂತೆಗೆ ಒಂದು ಹಾಳೆ

ಎರಡು ಸಾವಿರದ ಇಸವಿಯ ಆಚೀಚೆ ನಾನು ಚಳ್ಳಕೆರೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ಓದಿದ್ದು ತತ್ವಶಾಸ್ತ್ರ. ಎಣ್ಣೆ ಮಿಲ್ಲಿನ ಹಿಂದೊಂದು ಬಾಡಿಗೆ ಕೋಣೆ. ಪಾಠ ಮುಗಿದರೆ ಮಾತಿಗೆ ಯಾರೂ ಇರಲಿಲ್ಲ. ವಾರಕ್ಕೊಮ್ಮೆ ಮಾತ್ರ, ಅಲ್ಲಿನ ಸಂತೆಯ ದಿನ, ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗುತ್ತಿದ್ದೆ.

ಅಲ್ಲಿನ ಒಂದು ಸಣ್ಣ ನೇಕಾರರ ಸಂಘ ಹೊಸದಾಗಿ ಕಂಪ್ಯೂಟರ್ ತಂದಿತ್ತು. ಯಾವ ಮಗ್ಗಕ್ಕೆ ಎಷ್ಟು ರೇಷ್ಮೆ ಹೋಯಿತು, ಎಷ್ಟು ಸೀರೆ ಬಂತು ಎಂಬುದನ್ನು ಎಕ್ಸೆಲ್‌ನಲ್ಲಿ ವಾರಕ್ಕೊಂದು ಹಾಳೆಯಂತೆ ಬರೆಯಬೇಕು. ಬರೆಯುತ್ತಿದ್ದ ಅಕ್ಕನಿಗೆ ಹೊಸ ಹಾಳೆ ತೆರೆದು ಅದರ ಕೆಳಗಿನ ಪಟ್ಟಿಯಲ್ಲಿ ಆ ವಾರದ ಹೆಸರು ಹಾಕಲು ಭಯ, ಹಳೆಯದು ಅಳಿಸಿಹೋದರೆ ಎಂದು. ಅದನ್ನು ಮಾಡಿಕೊಡಲು ನಾನು. ಕೆಲಸ ಒಂದು ಗಳಿಗೆಯದು. ಆಮೇಲೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ, ನೂಲು ತೂಗುವ ಅಜ್ಜನ ಅರ್ಧ ತೆಲುಗಿನ ತಮಾಷೆ. ಹಿಂತಿರುಗುವಾಗ ಸಂಜೆಯಾಗಿರುತ್ತಿತ್ತು.

ಒಂದು ದಿನ ಅಕ್ಕ ಹೇಳಿದಳು: "ಇಷ್ಟಕ್ಕೇ ಅಲ್ಲಿಂದ ಬರ್ತೀರಲ್ಲ ಸಾರ್, ನಂಗೇ ನಾಚಿಕೆ ಆಗ್ತೈತೆ. ಅದು ತಾನೇ ಹೆಸರು ಹಾಕ್ಕಳಂಗೆ ಮಾಡಾಕಾಗಲ್ವಾ?"

"ಆಗುತ್ತೆ" ಎಂದುಬಿಟ್ಟೆ. ನನಗೆ ಗೊತ್ತಿಲ್ಲ ಎನ್ನಲು ಜಂಬ ಬಿಡಲಿಲ್ಲ.

ಕಡತ ತೆರೆದ ಕೂಡಲೇ ಆ ವಾರದ ಹಾಳೆ ಇದೆಯೇ ನೋಡಿ, ಇಲ್ಲದಿದ್ದರೆ ತಾನೇ ಸೇರಿಸಿ ತಾರೀಖಿನ ಹೆಸರಿಡುವ ಸಣ್ಣ ಪ್ರೋಗ್ರಾಂ, ಅಂದರೆ ಮ್ಯಾಕ್ರೋ, ಬರೆದೆ. ಮೊದಲು ಕೆಟ್ಟಿತು. ತಾರೀಖಿನ ನಡುವಿನ ಓರೆಗೆರೆಯನ್ನು ಹಾಳೆಯ ಹೆಸರು ಒಪ್ಪುವುದಿಲ್ಲ, ಅದರ ಬದಲು ಅಡ್ಡಗೆರೆ ಹಾಕಿದೆ. ಆಮೇಲೆ ಅಜ್ಜ ಪರದೆ ನೋಡಿ ನಕ್ಕ.

"ಸೋಮವಾರಕ್ಕೆ ವಾರ ಶುರುವಾ? ಯಾರ್ ಹೇಳಿದ್ರು ಸಾರ್? ಸಂತೆ ದಿನ ಸೀರೆ ಬರ್ತಾವೆ, ನೂಲು ಹೋಗ್ತೈತೆ. ವಾರ ಹುಟ್ಟೋದು ಅವತ್ತೇ. ನಿಮ್ ಮಿಷಿನ್‌ಗೆ ಸಂತೆ ತೋರಿಸ್ಕಂಡ್ ಬರ್ರಿ."

ಸಂತೆಯ ದಿನದಿಂದ ಎಣಿಸುವಂತೆ ತಿದ್ದಿದೆ. ಸರಿಯಾಯಿತು.

ಮುಂದಿನ ಸಂತೆಯ ದಿನವೂ ಹೋದೆ. ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಕ್ಕ ಪರದೆಯನ್ನು ನನ್ನತ್ತ ತಿರುಗಿಸಿದಳು. "ನೋಡ್ರಿ, ನಾನು ಮುಟ್ಟೇ ಇಲ್ಲ, ಬಂದು ಕೂತೈತೆ!" ಅವಳ ಸಂತೋಷ ನಿಜವಾದದ್ದು. ಆಮೇಲೆ ಕೇಳಿದಳು: "ಮತ್ತೆ, ಏನ್ ಕೆಲಸಕ್ ಬಂದ್ರಿ ಸಾರ್?"

"ಬ್ರಹ್ಮಗಿರಿಯ ಬಂಡೆ ಶಾಸನ ನೋಡೋಣ ಅಂತ ಹೊರಟಿದ್ದೆ. ದಾರಿಯಲ್ಲಿ ಇಳಿದೆ."

"ಅಯ್ಯೋ, ಬಿಸಿಲಾಗಾ? ಬಂಡೆ ಸುಡ್ತೈತೆ," ಎಂದ ಅಜ್ಜ. ಅಕ್ಕ ಮಂಡಕ್ಕಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ಹೇಳಿದ ಮೇಲೆ ಹೋಗದೆ ವಿಧಿಯಿರಲಿಲ್ಲ. ಅತ್ತ ಹೋಗುವ ಬಸ್ಸು ಹತ್ತಿದೆ.

ಹೊರಡುವಾಗ ಸಂಘದ ಬಾಗಿಲಲ್ಲಿ ಅಕ್ಕ, "ಕೆಲಸ ಇಲ್ದಿದ್ರೂ ಬರ್ತಿರ್ರಿ," ಎಂದಳು. ನನ್ನ ನೆನಪಿನಲ್ಲಿ ಹಾಗಿದೆ. ಆದರೆ ಈ ಮಾತಿನ ಮೇಲೆ ನನಗೆ ನಂಬಿಕೆ ಸಾಲದು. ಮಂಡಕ್ಕಿಯ ಎಣ್ಣೆ ಕಾಗದಕ್ಕೆ ಇಳಿದದ್ದು, ಬಸ್ಸಿನ ಕಿಟಕಿ ಮುಚ್ಚದೆ ಧೂಳು ಬಂದದ್ದು ಸ್ಪಷ್ಟವಾಗಿವೆ. ಅವಳ ದನಿ ಮಾತ್ರ ಒಮ್ಮೊಮ್ಮೆ ನನ್ನದೇ ದನಿಯಂತೆ ಕೇಳುತ್ತದೆ. ಬಸ್ಸಿನಲ್ಲಿ ಆ ಮಾತನ್ನು ನಾನೇ ಕಟ್ಟಿಕೊಂಡೆನೇನೋ. ನಿಜಕ್ಕೂ ಅಂದಿದ್ದರೆ ನಾನು ಮತ್ತೆ ಯಾಕೆ ಹೋಗಲಿಲ್ಲ?

ಶಾಸನದ ಹತ್ತಿರ ಒಬ್ಬರೂ ಇರಲಿಲ್ಲ. ಓದಲು ಬಾರದ ಅಕ್ಷರಗಳ ಪಕ್ಕ ನೆರಳು ಹುಡುಕಿ ಪೊಟ್ಟಣ ಬಿಚ್ಚಿದೆ. ಒಳಗೆ ಇಬ್ಬರಿಗಾಗುವಷ್ಟಿತ್ತು. ಎಲ್ಲವನ್ನೂ ನಾನೇ ತಿಂದೆ.