ಒಂಬತ್ತನೇ ತಿಂಗಳ ನೀರು

ವಿಪಿಎನ್ ಎಂದರೆ ಎಂತದು ಎಂದು ಮಿರ್ಜಾನದ ಸರೋಜಾಗೆ ಯಾರೂ ಕೂತು ಹೇಳಿಕೊಟ್ಟವರಿಲ್ಲ. ಅದು ಬೇಕಾದ ಹೊತ್ತಿಗೇ ಕೈಕೊಡುತ್ತದೆ ಎಂಬುದೊಂದು ಮಾತ್ರ ಚೆನ್ನಾಗಿ ಗೊತ್ತು. ಮಗಳು ವಿನುತಾ ಗಂಡನ ಜೊತೆ ಗಲ್ಫಿನಲ್ಲಿದ್ದಾಳೆ. ಅಳಿಯ ನಾಗರಾಜನಿಗೆ ಅಲ್ಲಿ ಎ.ಸಿ. ರಿಪೇರಿಯ ಕೆಲಸ. ಅವರಿರುವ ಕಡೆ ವಾಟ್ಸಾಪ್ ಮೆಸೇಜು ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಕಾಲ್ ಹೋಗಬೇಕಾದರೆ ಫೋನು ತಾನು ಬೇರೆ ದೇಶದಲ್ಲಿದ್ದೇನೆಂದು ಸುಳ್ಳು ಹೇಳಬೇಕು. ಆ ಸುಳ್ಳು ಹೇಳಿಸುವ ಆ್ಯಪೇ ಈ ವಿಪಿಎನ್. "ಅವ್ವಿ, ಇವತ್ತು ಸಿಂಗಾಪುರ ಹಾಕಿದ್ದೆ, ಸ್ಪೀಡ್ ಅದೆ" ಎಂದು ಮಗಳು ಮೊದಲ ಸಲ ಹೇಳಿದಾಗ, ಬಸುರಿ ಹುಡುಗಿ ವಿಮಾನದಲ್ಲಿ ಎಲ್ಲೆಲ್ಲೋ ಸುತ್ತುತ್ತಿದ್ದಾಳೆ ಎಂದು ಸರೋಜಾಗೆ ಎದೆ ಧಸಕ್ಕೆಂದಿತ್ತು.

ಈಗ ವಿನುತಾಗೆ ಒಂಬತ್ತು ತುಂಬುತ್ತ ಬಂದಿದೆ. ಬಯಕೆ ಹಾಡು ಬಾಕಿ ಇದೆ. ಸರೋಜಾಳ ಮನೆತನದಲ್ಲಿ ಅದಕ್ಕೊಂದು ಕಟ್ಟಳೆ. ತಾಯಿ ಒಂದೊಂದು ತಿಂಗಳ ಬಯಕೆ ಏನೆಂದು ಹಾಡಿನಲ್ಲೇ ಕೇಳಬೇಕು, ಬಸುರಿಯೇ ಹಾಡಿ ಉತ್ತರ ಕೊಡಬೇಕು. ನಡುವೆ ಮುರಿದರೆ ಮತ್ತೆ ಮೊದಲ ತಿಂಗಳಿಂದ. ಮುಗಿಯುವವರೆಗೆ ತಾಯಿ ಒಂದು ಗುಟುಕು ನೀರೂ ಕುಡಿಯುವ ಹಾಗಿಲ್ಲ. ಕಡೆಯ ತಿಂಗಳಿಗೆ ಮಗಳು ತವರಿನ ಬಾವಿಯ ನೀರು ಕೇಳುತ್ತಾಳೆ, ತಾಯಿ ಸೇದಿ ಕೊಡುತ್ತಾಳೆ.

ಹೋದ ವರ್ಷ ಹಾಡಿನ ಹೊತ್ತು ಬರುವ ಮೊದಲೇ, ಐದನೇ ತಿಂಗಳಲ್ಲೇ, ಬಸಿರು ಇಳಿದುಹೋಗಿತ್ತು. ಹಾಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಸರೋಜಾಗೂ ಗೊತ್ತು. ಆದರೆ ಮಗಳೇ ಅತ್ತುಕೊಂಡು ಹೇಳಿದ್ದಳು, "ಈ ಸಲ ಹಾಡು ಬಿಡೂದು ಬ್ಯಾಡ ಅವ್ವಿ. ನಂಗೆ ಹೆದ್ರಿಕೆ ಆತದೆ." ಅಂಥ ಮಾತು ಕೇಳಿದ ಮೇಲೆ ಯಾವ ತಾಯಿಗೆ ನಿದ್ದೆ ಬಂದೀತು?

ಶುಕ್ರವಾರ ಕುಮಟೆಯ ಪೇಟೆಯಲ್ಲಿ ಬಸಳೆ, ಹರಿವೆ ಮಾರಿ ಬಂದ ಸರೋಜಾ ಕಾಲು ಚಾಚಿ ಜಗಲಿಯಲ್ಲಿ ಕೂತಳು. ಮೈಯಲ್ಲಿ ಕಸುವಿರಲಿಲ್ಲ. ಹಾಡಿನ ಸೊಲ್ಲು ಎತ್ತಿಕೊಡಲು ಪಕ್ಕದ ಮನೆಯ ಜಯಶ್ರೀ ಬಂದಳು.

ಮೊದಲು ಪುಕ್ಕಟೆ ಆ್ಯಪಿನಲ್ಲಿ ಶುರುಮಾಡಿದರು. ಮೂರನೇ ತಿಂಗಳಿಗೆ ಬರುವಷ್ಟರಲ್ಲಿ ಅಲ್ಲಿ ಯಾವುದೋ ಜಾಹೀರಾತು ಬಂದು ಲೈನ್ ಕಡಿಯಿತು. ನಾಗರಾಜ ದುಡ್ಡು ಕೊಟ್ಟು ತೆಗೆದುಕೊಂಡ ಆ್ಯಪನ್ನು ಹಾಕಿದ. ಆದರೆ ಅಲ್ಲಿ ಶುಕ್ರವಾರ ರಜೆ, ಎಲ್ಲರೂ ಊರಿಗೆ ಮಾತಾಡುವವರೇ. ಅದೂ ಆಮೆಯ ಹಾಗೆ ತೆವಳಿತು. ಫೋನಿನಲ್ಲಿ ವಿನುತಾಳ ಮುಖ ಬಾಯಿ ತೆರೆದಲ್ಲೇ ನಿಂತುಬಿಟ್ಟಿತು. ಮುಖದ ಆಸೆ ಬಿಟ್ಟು ಬರೀ ದನಿ ಇಟ್ಟುಕೊಂಡು, ಮತ್ತೆ ಮೊದಲ ತಿಂಗಳು.

ದನಿಯೂ ನೆಟ್ಟಗಿಲ್ಲ. ಸರೋಜಾ ಮೂರನೆಯದನ್ನು ಕೇಳುವಾಗ ಎರಡನೆಯದರ ಉತ್ತರ ಬಂತು.

"ಥೋ! ಹಳೇ ತಿಂಗ್ಳ ಮಾವಿನ್ಕಾಯಿ ಈಗ ಬಂತಲ್ಲೆ!" ಎಂದಳು ಸರೋಜಾ. ಜಯಶ್ರೀ ಸೆರಗು ಬಾಯಿಗೊತ್ತಿ ನಕ್ಕಳು.

ಆಮೇಲೆ ಸರೋಜಾ ಕಾಯುವುದನ್ನು ಕಲಿತಳು. ಕೇಳುವುದು, ಸುಮ್ಮನಿರುವುದು. ಐದನೇ ತಿಂಗಳಿಗೆ ಎಷ್ಟು ಹೊತ್ತಾದರೂ ಉತ್ತರವಿಲ್ಲ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕಡೆಗೆ ದೂರದಿಂದ ಹಲಸಿನ ಹಣ್ಣು ಕೇಳುವ ಸಾಲು ಸಣ್ಣಗೆ ಬಂದಾಗ ಸರೋಜಾ ಅತ್ತೇಬಿಟ್ಟಳು, ಅಳುತ್ತಲೇ ಆರನೆಯದನ್ನು ಕೇಳಿದಳು.

ಒಂಬತ್ತನೆಯದನ್ನೂ ಕೇಳಿದಳು. ಕಾದಳು. ಫೋನು ಟುಂಯ್ ಎಂದು ಕಡಿಯಿತು.

ಮತ್ತೆ ಹಚ್ಚಿದರೆ ಹತ್ತಲಿಲ್ಲ. ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಇನ್ನೊಂದು ಸಲ ಮೊದಲಿಂದ ಹಾಡು ಎಂದರೆ ಪ್ರಾಣವೇ ಹೋಗುತ್ತದೆ ಅನ್ನಿಸಿತು.

"ನೀನೇ ಹೇಳಿ ಮುಗ್ಸೇ ಸರೋಜಕ್ಕ, ಯಾರು ಕಾಣ್ತ್ರು?" ಎಂದಳು ಜಯಶ್ರೀ.

"ಬಸ್ರಿ ನಾನಾ ಎಂತ?" ಎಂದು ಸರೋಜಾ ಸಿಡುಕಿದಳು.

ಆಗ ಫೋನು ಟಿಣ್ ಎಂದಿತು. ಕಾಲ್ ಅಲ್ಲ, ದನಿಯ ಮೆಸೇಜು. ಒತ್ತಿದರೆ ವಿನುತಾ ತವರಿನ ಬಾವಿಯ ನೀರು ಕೇಳಿ ಹಾಡುತ್ತಿದ್ದಾಳೆ, ಒಂದಕ್ಷರ ಕಡಿಯದೆ. ಹಾಡು ಮುಗಿಸಿ ಹೇಳಿದಳು, "ಇಲ್ಲಿ ಬಾಟ್ಲಿ ನೀರೇ ಅವ್ವಿ. ನನ್ನ ಪಾಲಿಂದು ನೀನೇ ಕುಡಿ. ನಿಂಗೂ ಬಾಯಾರಿರ್ತದೆ."

ಜಯಶ್ರೀ ಅನುಮಾನಿಸಿದಳು. "ನಡೂಗೆ ಕಡೀತಲ್ಲೇ. ಮುರ್ದಂಗೇ ಅಲ್ವಾ?"

"ಮುರೀಲಿಲ್ಲ. ತಡ ಆತು, ಅಷ್ಟೇಯ."

ಸರೋಜಾ ಮೊಣಕಾಲು ಹಿಡಿದು ಎದ್ದು, ಬಾವಿಗೆ ಹೋಗಿ ಒಂದು ಕೊಡ ಸೇದಿದಳು. ಮಗಳ ಪಾಲಿನ ನೀರನ್ನು ನಿಂತಲ್ಲೇ, ಬೊಗಸೆಯಲ್ಲಿ, ಹೊಟ್ಟೆ ತುಂಬ ಕುಡಿದಳು.